ಬಂಡೆಯ ಆಚೆ ಬದಿ

ಕಲ್ಲಿನ ಯಾರ್ಡಿಗೆ ಹೊಸದಾಗಿ ಬಂದವರಿಗೆ ಎಲ್ಲಕ್ಕಿಂತ ಮೊದಲು ಹೇಳಿಕೊಡುವ ಪಾಠವೊಂದಿದೆ. ಕ್ರೇನು ನಡೆಸುವವನು ಕಲ್ಲನ್ನು ನೋಡಬಾರದು, ಸನ್ನೆ ಮಾಡುವವನ ಕೈಯನ್ನು ನೋಡಬೇಕು. ಮೇಲಿನ ಕ್ಯಾಬಿನ್ನಿನಲ್ಲಿ ಕೂತವನಿಗೆ ತೂಗುವ ಬಂಡೆ ನೆಲದಿಂದ ಎಷ್ಟು ದೂರವಿದೆ ಎಂಬುದು ತಿಳಿಯುವುದಿಲ್ಲ. ಆಳೆತ್ತರದಲ್ಲಿದೆ ಅನ್ನಿಸಿದಾಗ ಅದು ಗೇಣೆತ್ತರಕ್ಕೆ ಬಂದಿರುತ್ತದೆ. ಅಲ್ಲಿ ತನ್ನ ಕಣ್ಣನ್ನು ನಂಬಿದವನು ಕಲ್ಲು ಒಡೆಯುತ್ತಾನೆ, ಇಲ್ಲವೇ ಯಾರದೋ ಕಾಲು ಮುರಿಯುತ್ತಾನೆ. ಆದ್ದರಿಂದ ಮೇಲಿನವನು ತನ್ನ ಕಣ್ಣನ್ನು ಕೆಳಗಿನವನಿಗೆ ಒಪ್ಪಿಸಿಬಿಡಬೇಕು. ತೋರುಬೆರಳು ಕೆಳಮುಖವಾಗಿ ಸುತ್ತಿದರೆ ಇಳಿಸು. ಮುಷ್ಟಿ ಮೇಲೆದ್ದರೆ ನಿಲ್ಲಿಸು. ಕಲ್ಲು ಕೊಯ್ಯುವ ಗರಗಸಗಳ ಸದ್ದಿನಲ್ಲಿ ಬಾಯಿಗೆ ಕೆಲಸವಿಲ್ಲ, ಕಿವಿಗೂ ಇಲ್ಲ.

ಆ ಯಾರ್ಡಿನ ಸನ್ನೆಗಾರ ಹಿಂದೆ ತಾನೇ ಕ್ಯಾಬಿನ್ನಿನಲ್ಲಿ ಕೂರುತ್ತಿದ್ದವನು. ಪ್ರಾಯದ ದಿನಗಳೆಲ್ಲ ಅವನಿಗೆ ಆ ಗಾಜಿನ ಗೂಡಿನಲ್ಲೇ ಕಳೆದಿದ್ದವು. ಮಂಡಿ ಕೈಕೊಟ್ಟು ಏಣಿ ಹತ್ತಲಾಗದೆ ಹೋದಾಗ ಕೆಳಗಿಳಿದ; ತನ್ನ ಜಾಗಕ್ಕೆ ಹೆಂಡತಿಯ ತಮ್ಮನನ್ನು ತಂದು ಕೂರಿಸಿದ. ಕೆಲಸವನ್ನೂ ತಾನೇ ಕಲಿಸಿದ. "ಕಲ್ಲು ನೋಡ್ಬೇಡ ಕಣೋ, ನನ್ನ ಕೈ ನೋಡು. ಕಲ್ಲು ಸುಳ್ಳು ಹೇಳುತ್ತೆ, ನನ್ನ ಕೈ ಹೇಳಲ್ಲ" ಎಂದಿದ್ದ. ಮೈದುನ ಅದನ್ನು ಮಂತ್ರದ ಹಾಗೆ ಹಿಡಿದುಕೊಂಡ. ಅವನು ಭಾವ, ಭಾವ ಎಂದು ಕರೆಯುವುದನ್ನು ಕೇಳಿ ಕೇಳಿ ಇಡೀ ಯಾರ್ಡು ಸನ್ನೆಗಾರನನ್ನು ಭಾವ ಎಂದೇ ಕರೆಯತೊಡಗಿತು. ತಂದೆಯ ವಯಸ್ಸಿನ ಲಾರಿ ಚಾಲಕನೂ ಹಾಗೆಯೇ ಕರೆಯುತ್ತಿದ್ದ.

ಕೆಳಗೆ ನಿಂತರೂ ಭಾವ ಮೇಲಿನವನ ಕಡೆಯಿಂದಲೇ ಯೋಚಿಸುತ್ತಿದ್ದ. ಎದುರು ನಿಂತವನ ಎಡ ಮೇಲಿನವನ ಬಲ. ಪ್ರತಿ ಸನ್ನೆಯನ್ನೂ ತಿರುಗಿಸಿ ಕೊಡಬೇಕು. ಅದು ಅವನ ಮೈಗೆ ಎಷ್ಟು ಅಂಟಿಕೊಂಡಿತ್ತೆಂದರೆ ಮನೆಯಲ್ಲಿ ಹೆಂಡತಿ ಎದುರಿಗೆ ಕೂತು "ಸೂಜಿ ಡಬ್ಬಿ ಎಲ್ಲಿದೇರೀ?" ಎಂದರೆ ತನ್ನ ಎಡಕ್ಕಿದ್ದುದನ್ನು "ಬಲಗಡೆ" ಎನ್ನುತ್ತಿದ್ದ. ಅವಳಿಗೆ ಅದು ಸರಿಯಾಗಿಯೇ ಇರುತ್ತಿತ್ತು. ಪಕ್ಕದಲ್ಲಿ ಕೂತು ಕೇಳಿದಾಗ ಮಾತ್ರ ಎಡವಟ್ಟು. "ಇವರ ಹತ್ರ ದಾರಿ ಕೇಳ್ಕೊಂಡು ಹೋದ್ರೆ ಬೇರೆಯವರ ಮನೆ ಸೇರ್ತೀವಿ ಅಷ್ಟೇ" ಎಂದು ಅವಳು ನಗುತ್ತಿದ್ದಳು.

ಅವನು ಸುಳ್ಳಾಡುವವನಲ್ಲ. ಚಿಕ್ಕಂದಿನಲ್ಲಿ ತಾಯಿ ಬೆಳಗಿನ ಹೊತ್ತು ದನಿಯೆತ್ತಿ ಪದ್ಯ ಓದುತ್ತಿದ್ದಳು, ಇವನು ಗೋಡೆಗೊರಗಿ ಕೇಳುತ್ತಿದ್ದ. ಅರ್ಥವಾಗದ ಸಾಲುಗಳೂ ಮೈಯೊಳಗೆ ಇಳಿದು ನಿಂತಿದ್ದವು. ಕಂಡದ್ದನ್ನು ಕಂಡ ಹಾಗೆ ಹೇಳುವುದು ಅವನಿಗೆ ದೇವರಿಗೆ ಕೈಮುಗಿದಷ್ಟೇ ಸಹಜವಾಗಿತ್ತು. ಯಾರ್ಡಿನಲ್ಲಿ ಜಗಳವಾದರೆ ಮೇಸ್ತ್ರಿ ಮೊದಲು ಕೇಳುತ್ತಿದ್ದುದು, "ಭಾವ ಅಲ್ಲಿದ್ರಾ? ಅವರೇನಂದ್ರು?" ಎಂದೇ.

ಉದ್ದಣ್ಣ ಸತ್ತಾಗಲೂ ಮೇಸ್ತ್ರಿ ಅದನ್ನೇ ಕೇಳಿದ.

ಉದ್ದಣ್ಣ ಬಂಡೆಗೆ ಸರಪಳಿ ಬಿಗಿಯುವವನು, ಯಾರ್ಡಿನಲ್ಲೆಲ್ಲ ಕುಳ್ಳನೆಯವನು. "ನನ್ನ ಸರದಿ ಬರೋ ಹೊತ್ತಿಗೆ ದೇವರ ಹತ್ರ ಮಣ್ಣು ಮುಗಿದಿತ್ತು, ಏನ್ ಮಾಡೋದು" ಎಂದು ತಾನೇ ನಗಿಸುತ್ತಿದ್ದ. ಆ ದಿನ ಆದದ್ದರಲ್ಲಿ ಎಲ್ಲರೂ ಒಪ್ಪಿದ್ದು ಇಷ್ಟು. ಲಾರಿಯಿಂದ ಎತ್ತಿದ ಬೂದು ಬಂಡೆಯನ್ನು ಮೊದಲೇ ಇಟ್ಟಿದ್ದ ಇನ್ನೊಂದು ಬಂಡೆಯ ಪಕ್ಕಕ್ಕೆ ಇಳಿಸುತ್ತಿದ್ದರು. ಬಂಡೆ ಆಳಿಗಿಂತ ಎತ್ತರ, ಕೋಣೆಯ ಗೋಡೆಯಷ್ಟು ಅಗಲ. ಕೆಳಗಿನಿಂದ ಸರಪಳಿ ಎಳೆದುಕೊಳ್ಳಲು ಅನುವಾಗಲೆಂದು ನೆಲದ ಮೇಲೆ ಮರದ ದಿಮ್ಮಿಗಳನ್ನು ಇಟ್ಟಿರುತ್ತಾರೆ. ಒಂದು ದಿಮ್ಮಿ ಓರೆಯಾಗಿತ್ತು. ಉದ್ದಣ್ಣ ಅದನ್ನು ನೆಟ್ಟಗೆ ಮಾಡಲು ಎರಡು ಬಂಡೆಗಳ ನಡುವಿನ ಸಂದಿಗೆ ಹೋದ. ಹೋಗಬಾರದಿತ್ತು, ಆದರೆ ಎಲ್ಲರೂ ಹೋಗುತ್ತಿದ್ದರು. ಬಂಡೆ ಇಳಿಯಿತು, ದಿಮ್ಮಿ ಉರುಳಿತು, ಬಂಡೆ ವಾಲಿತು. ಗರಗಸದ ಸದ್ದಿನಲ್ಲಿ ಅವನು ಕೂಗಿದನೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ.

ನೋಡಿದವರು ಬೇರೆ ಇರಲಿಲ್ಲ. ಯಾರ್ಡಿನ ಕ್ಯಾಮರಾ ಕಳ್ಳರಿಗಾಗಿ ಗೇಟಿನ ಕಡೆ ಮುಖ ಮಾಡಿತ್ತು. ಉಳಿದದ್ದು ಒಂದೇ ಪ್ರಶ್ನೆ: ಭಾವನ ಕೈ ಆ ಹೊತ್ತಿನಲ್ಲಿ ಏನು ಹೇಳಿತ್ತು?

ವಿಚಾರಣೆಗೆ ಬಂದ ಅಧಿಕಾರಿಣಿ ಮೆಲುದನಿಯ ಹೆಂಗಸು. ಯಾರ್ಡಿನ ಆಫೀಸಿನಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿಕೊಂಡಳು. ಮೈದುನ ಮೊದಲು ಹೇಳಿದ. "ಭಾವ ಇಳಿಸು ಅಂದ್ರು. ಇಳಿಸಿದೆ. ನಾನು ಕಲ್ಲು ನೋಡಲ್ಲ ಮೇಡಂ, ಕೈ ನೋಡ್ತೀನಿ."

"ನೀವು?" ಎಂದು ಅವಳು ಭಾವನ ಕಡೆ ತಿರುಗಿದಳು.

ಭಾವ ಕಣ್ಣು ಮುಚ್ಚಿದ. ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗೆ ಬಂತು. "ಉದ್ದಣ್ಣ ಸಂದಿಗೆ ಹೋಗಿದ್ದು ಕಂಡೆ. ಬಗ್ಗಿದ. ಅವನ ಹಳದಿ ಹೆಲ್ಮೆಟ್ಟು ಕಂಡಿತು, ದಿಮ್ಮಿ ಮೇಲೆ ಅವನ ಕೈ ಕಂಡಿತು. ಕಂಡ ತಕ್ಷಣ ಮುಷ್ಟಿ ಎತ್ತಿದೆ. ಬಂಡೆ ನಿಲ್ಲಲಿಲ್ಲ."

ಮೈದುನ ಭಾವನ ಮುಖವನ್ನೇ ನೋಡಿದ. ಕೋಪವಿರಲಿಲ್ಲ ಅವನ ನೋಟದಲ್ಲಿ. ತರಗತಿಯಲ್ಲಿ ತಪ್ಪು ಉತ್ತರ ಹೇಳಿದೆನೇನೋ ಎಂದು ಮೇಷ್ಟ್ರ ಮುಖ ನೋಡುವ ಹುಡುಗನ ಹಾಗೆ ನೋಡಿದ. "ಮುಷ್ಟಿನಾ ಭಾವ?" ಎಂದ. "ಮುಷ್ಟಿ ಕಣೋ" ಎಂದ ಭಾವ.

ಆಮೇಲೆ ಮೈದುನನನ್ನು ಕೆಲಸದಿಂದ ತಡೆದರು. ತಪ್ಪು ಅವನದೆಂದು ತೀರ್ಮಾನವಾದರೆ ಕೋರ್ಟಿಗೆ ಹೋಗುತ್ತದೆ, ಜೈಲಾಗುತ್ತದೆ ಎಂದು ಮೇಸ್ತ್ರಿ ಹೇಳಿ ಹೋದ. ಮೈದುನ ಇರುತ್ತಿದ್ದುದು ಭಾವನ ಮನೆಯ ಮಹಡಿಯ ಒಂಟಿ ಕೋಣೆಯಲ್ಲಿ. ತಾಯಿ ಸತ್ತಾಗ ಅವನಿನ್ನೂ ಹಲ್ಲು ಬೀಳದ ಮಗು. ಅಕ್ಕನೇ ಎತ್ತಿ ಬೆಳೆಸಿದ್ದಳು, ಮದುವೆಯಾಗಿ ಬರುವಾಗ ಪೆಟ್ಟಿಗೆಯ ಜೊತೆ ಅವನನ್ನೂ ಕರೆದುಕೊಂಡು ಬಂದಿದ್ದಳು. ಈಗ ಅವಳು ಅವನ ತಟ್ಟೆಯನ್ನು ಮೇಲಕ್ಕೆ ಒಯ್ಯುತ್ತಿದ್ದಳು, ಮುಟ್ಟದೆ ಬಿಟ್ಟದ್ದನ್ನು ಹಾಗೆಯೇ ಕೆಳಗೆ ತರುತ್ತಿದ್ದಳು. ಗಂಡನಿಗೆ ಒಂದು ಮಾತೂ ಅನ್ನಲಿಲ್ಲ. ನೆರೆಯವಳು ಮಾತ್ರ ಬಾಗಿಲಲ್ಲಿ ನಿಂತು, ಕೇಳಲೆಂದೇ ದನಿ ಎತ್ತರಿಸಿ, "ಹೆಂಡತಿ ಕಡೆಯವರು ಅಂದ್ರೆ ಗಂಡಸರಿಗೆ ಯಾವತ್ತೂ ಹೊರಗಿನವರೇ ಬಿಡಮ್ಮ" ಎಂದಳು. "ಅವರು ನೋಡಿದ್ದು ಅವರು ಹೇಳಿದ್ರು. ನಿಮ್ಮನೇಲಿ ಹಾಲು ಉಕ್ತಿದೆ, ಹೋಗಿ" ಎಂದು ಇವಳು ಬಾಗಿಲು ಮುಂದೆ ಮಾಡಿದಳು.

ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಒಂದು ಸಂಜೆ, ಬೆಳಕು ಇನ್ನೂ ಕಿಟಕಿಯಲ್ಲಿರುವಾಗಲೇ, ಯಾರದೋ ಕೋಟಿನ ತೋಳನ್ನು ಮೆಷಿನ್ನಿಗೆ ಕೊಟ್ಟು, ತಲೆ ಎತ್ತದೆ ಕೇಳಿದಳು.

"ರೀ, ಒಂದ್ಸಲ ನನಗೂ ಹೇಳಿ. ಆಫೀಸಲ್ಲಿ ಹೇಳಿದ ಹಾಗಲ್ಲ. ಸುಮ್ನೆ, ನಿಮಗೆ ಏನ್ ಕಾಣಿಸ್ತು ಅಂತ."

"ಗೊತ್ತಲ್ಲ ನಿನಗೆ."

"ಊರಿಗೆಲ್ಲ ಗೊತ್ತು. ನಾನು ನಿಮ್ಮ ಬಾಯಿಂದ ಕೇಳಿಲ್ಲ."

ಅವನು ಗೋಡೆಗೊರಗಿ ಕೂತ. ಮಂಡಿಯನ್ನು ಚಾಚಿದ. ಹೇಳತೊಡಗಿದ ಮೇಲೆ ದನಿ ತಾನಾಗಿಯೇ ನಿಧಾನವಾಯಿತು. "ಎರಡು ಬಂಡೆ. ಮಧ್ಯೆ ಸಂದಿ. ಸಂದಿ ತುಂಬ ನೆರಳು, ನೆರಳೊಳಗೆ ಹಳದಿ ಹೆಲ್ಮೆಟ್ಟು. ಅದರ ನೆತ್ತಿ ಮೇಲೆ ಸೀಳು ಬಿಟ್ಟಿತ್ತು, ಟೇಪು ಅಂಟಿಸಿಕೊಂಡಿದ್ದ. ಕೈ ದಿಮ್ಮಿ ಮೇಲಿದೆ. ಬಂಡೆಯಿಂದ ಈಚೆಗೆ, ಸನ್ನೆ ಮಾಡೋನು ನಿಲ್ಲೋ ಬಿಳಿ ಬಣ್ಣದ ವೃತ್ತ. ವೃತ್ತದೊಳಗೆ ನಾನು. ಮುಷ್ಟಿ ಮೇಲಿದೆ. ಬಾಯಿ ಬಿಟ್ಕೊಂಡಿದೀನಿ, ಕೂಗ್ತಿದೀನೋ ಏನೋ. ಮುಖ ಬಿಳಿಚಿಕೊಂಡಿದೆ..."

ಮೆಷಿನ್ನು ನಿಂತಿತು.

"ಯಾರ ಮುಖ?"

"ನನ್ನದೇ ಕಣೇ."

"ನಿಮ್ಮ ಮುಖ ನಿಮಗೆ ಹೇಗ್ರೀ ಕಾಣಿಸ್ತು?"

ಅವನು ನಕ್ಕ. "ಹೇಳೋವಾಗ ಹಾಗೆ ಬರುತ್ತಪ್ಪ. ನೆನಪು ಅಂದ್ರೆ ಹಾಗೇ ಅಲ್ವಾ?"

"ನನಗೆ ಹಾಗೆ ಬರಲ್ಲ" ಎಂದಳು ಅವಳು. "ಅಮ್ಮ ಹೋದಾಗ ನಾನು ಅತ್ತಿದ್ದು ನೆನಪಿದೆ. ಅಳೋ ನನ್ನ ಮುಖ ನನಗೆ ಕಾಣಲ್ಲ. ಅಮ್ಮನ ಕಾಲು ಕಾಣುತ್ತೆ." ಅಷ್ಟು ಹೇಳಿ ಮತ್ತೆ ತೋಳನ್ನು ಮೆಷಿನ್ನಿಗೆ ಕೊಟ್ಟಳು. ಗಂಡನನ್ನು ಸಿಕ್ಕಿಸಬೇಕೆಂದು ಕೇಳಿದ ಪ್ರಶ್ನೆ ಅದಲ್ಲ. ಹೊಲಿಗೆಯವಳಿಗೆ ಎದುರಿನ ತುಂಡು ಯಾವುದು ಬೆನ್ನಿನ ತುಂಡು ಯಾವುದು ಎಂದು ಕೈಗೇ ತಿಳಿಯುತ್ತದೆ, ಅದಲುಬದಲಾದರೆ ಕೈಯೇ ನಿಲ್ಲುತ್ತದೆ, ಅಷ್ಟೇ.

ಆ ಪ್ರಶ್ನೆ ಭಾವನ ಬೆನ್ನು ಹತ್ತಿತು. ಮರುದಿನ ಕೆಲಸ ಶುರುವಾಗುವ ಮುಂಚೆ ಯಾರ್ಡಿಗೆ ಹೋದ. ವಾಲಿದ್ದ ಬಂಡೆಯನ್ನು ವಿಚಾರಣೆಗೆಂದು ನೆಟ್ಟಗೆ ನಿಲ್ಲಿಸಿ, ಸುತ್ತ ಹಗ್ಗ ಕಟ್ಟಿ ಬಿಟ್ಟಿದ್ದರು. ಗರಗಸದವನೊಬ್ಬ ಬೀಡಿ ಹಚ್ಚುತ್ತಿದ್ದ.

"ಏ ಮಾರಾಯ, ಒಂದು ಉಪಕಾರ ಮಾಡು. ಆ ಸಂದಿಗೆ ಹೋಗಿ ಬಗ್ಗಿ ಕೂತ್ಕೊ."

"ಬೆಳಿಗ್ಗೆ ಬೆಳಿಗ್ಗೆ ಎಲ್ಲಿಗೆ ಕಳಿಸ್ತಿದೀರಿ ಭಾವ?"

"ಹೋಗೋ ಅಂದ್ರೆ."

ಭಾವ ಬಿಳಿ ವೃತ್ತದೊಳಗೆ ನಿಂತ. ಮುಂದೆ ಬಂಡೆ ಇತ್ತು. ಕೊರೆದ ಕಡೆಯಲ್ಲಿ ಉದ್ದುದ್ದ ಗೀರುಗಳು, ಒಂದು ಮೂಲೆಯಲ್ಲಿ ತುಕ್ಕಿನ ಬಣ್ಣದ ಗೆರೆ. ಕಲ್ಲು, ಕಲ್ಲಿನ ಮೇಲೆ ಆಕಾಶ.

"ಇದೀಯೇನೋ?"

"ಇದೀನಿ ಭಾವ! ಕೈ ಆಡಿಸ್ತಿದೀನಿ, ಕಾಣ್ತಾ? ಟೊಪ್ಪಿಗೆ ಎತ್ತಿ ಹಿಡಿದಿದೀನಿ, ಕಾಣ್ತಾ?"

ಕಾಣಲಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೂ ಕಾಣಲಿಲ್ಲ. ವೃತ್ತ ದಾಟಿ, ಮೇಲಿನವನಿಗೆ ತನ್ನ ಕೈ ಕಾಣದಷ್ಟು ದೂರ ಹೋದ ಮೇಲೆ ಟೊಪ್ಪಿಗೆಯ ಅಂಚು ಕಂಡಿತು. "ಇಲ್ಲೇ ಮನೆ ಮಾಡ್ಲಾ ಭಾವ, ಬಾಡಿಗೆ ಇಲ್ಲ ಅಲ್ವಾ?" ಎಂದು ಒಳಗಿನಿಂದ ಕೂಗಿದವನು, ತಾನು ಕೂತ ಜಾಗ ಯಾವುದೆಂದು ನೆನಪಾಗಿ, ಬೀಡಿ ಎಸೆದು ತಟ್ಟನೆ ಹೊರಗೆ ಬಂದ. ಭಾವನ ಮುಖ ನೋಡಿ ಶೆಡ್ಡಿನ ಕಡೆ ಹೋದ.

ಭಾವ ಏಣಿ ಹತ್ತಿದ. ಮಂಡಿ ಒಂದೊಂದು ಮೆಟ್ಟಿಲಿಗೂ ಚೀರಿತು. ಎಷ್ಟೋ ವರ್ಷಗಳ ಮೇಲೆ ಕ್ಯಾಬಿನ್ನಿನ ಸೀಟಿನಲ್ಲಿ ಕೂತು, ಉಸಿರು ಸುಧಾರಿಸಿಕೊಂಡು, ಗಾಜಿನ ಕೆಳಗೆ ನೋಡಿದ.

ಎರಡು ಬಂಡೆ. ಮಧ್ಯೆ ಸಂದಿ. ಸಂದಿ ತುಂಬ ನೆರಳು. ಈಚೆಗೆ ಬಿಳಿ ವೃತ್ತ. ಗೆರೆ ತಪ್ಪದೆ, ಬಣ್ಣ ತಪ್ಪದೆ, ಅವನ ನೆನಪು ಅಲ್ಲಿ ಹಾಸಿಕೊಂಡಿತ್ತು. ವೃತ್ತದೊಳಗೆ ನಿಲ್ಲಬೇಕಾದವನು ಮಾತ್ರ ಇರಲಿಲ್ಲ; ಅವನು ಮೇಲೆ ಕೂತಿದ್ದ.

ಕಣ್ಣು ಕೊಟ್ಟವನು ಪ್ರತಿ ಕಣ್ಣಿಗೂ ಒಂದು ಜಾಗವನ್ನು ಗೊತ್ತುಮಾಡಿ ಕೊಟ್ಟಿರುತ್ತಾನೆ. ಭಾವ ತನ್ನ ಜಾಗವನ್ನು ಬಿಟ್ಟು ಬಹಳ ಕಾಲವಾಗಿತ್ತು, ಅವನಿಗೇ ತಿಳಿದಿರಲಿಲ್ಲ. ಪ್ರತಿದಿನ ಕೆಳಗೆ ನಿಂತು ಮೇಲಿನಿಂದ ನೋಡಿದ್ದ. ಆ ದಿನ ಕಾಣದೆ ಹೋದದ್ದನ್ನು, ಹೆಣ ಹೊರಗೆ ತೆಗೆದ ಮೇಲೆ, ಸಂದಿಯನ್ನೂ ಹೆಲ್ಮೆಟ್ಟನ್ನೂ ಕಂಡ ಮೇಲೆ, ಮನಸ್ಸು ತನಗೆ ಗೊತ್ತಿದ್ದ ಎತ್ತರದಿಂದ ಬರೆದುಕೊಂಡಿತ್ತು. ಉದ್ದಣ್ಣನನ್ನು ಬರೆದ ಕೈಯೇ ಇವನ ಮುಷ್ಟಿಯನ್ನೂ ಬರೆದಿತ್ತು.

ಹಾಗಾದರೆ ನಿಜವಾದ ಕೈ ಏನು ಮಾಡುತ್ತಿತ್ತು? ಕಾಣದವನು ಮುಷ್ಟಿ ಯಾಕೆ ಎತ್ತುತ್ತಾನೆ? ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಅದನ್ನೇ ಕೇಳುವವನಂತೆ ನೋಡಿದ. ಬೆರಳು ಸುತ್ತಿಸಿದ. ಮುಷ್ಟಿ ಹಿಡಿದ. ಎರಡೂ ಸಾವಿರ ಸಲ ಮಾಡಿದ್ದು. ಕೈ ಯಾವುದನ್ನೂ ಅಲ್ಲವೆನ್ನಲಿಲ್ಲ, ಯಾವುದನ್ನೂ ಹೌದೆನ್ನಲಿಲ್ಲ.

ಮನೆಗೆ ಬಂದವನು ಚಪ್ಪಲಿ ಬಿಡದೆ ಮಹಡಿಗೆ ಹೋದ. ಮೈದುನ ಮಂಚದ ಅಂಚಿನಲ್ಲಿ, ಎದ್ದು ಹೊರಡುವವನಂತೆ ಕೂತಿದ್ದ. ಗಡ್ಡ ಬೆಳೆದಿತ್ತು. ಬಹಳ ದಿನಗಳ ಮೇಲೆ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಇತ್ತು.

"ಬನ್ನಿ ಭಾವ. ನಾನೇ ಕೆಳಗೆ ಬರೋಣ ಅಂತಿದ್ದೆ."

"ನಾನು ತಪ್ಪು ಹೇಳಿದೆ ಕಣೋ" ಎಂದ ಭಾವ. "ಉದ್ದಣ್ಣ ನನಗೆ ಕಂಡಿರೋಕೆ ಸಾಧ್ಯ ಇಲ್ಲ. ಬಂಡೆ ಅಡ್ಡ ಇತ್ತು. ಈಗ ನಿಂತು ನೋಡಿ ಬಂದೆ. ಕಾಣದೆ ಇದ್ದ ಮೇಲೆ ನಾನು ಇಳಿಸು ಅಂತಾನೇ ಅಂದಿರಬೇಕು. ನೀನು ಮೊದಲು ಹೇಳಿದ್ದೇ ಸರಿ."

ಮೈದುನ ತಲೆಯಾಡಿಸಿದ. ಮಗುವಿನ ಹಟಕ್ಕೆ ದೊಡ್ಡವರು ಆಡಿಸುವ ಹಾಗೆ. "ಇಲ್ಲ ಭಾವ. ನೀವು ಮುಷ್ಟಿ ಎತ್ತಿದ್ರಿ. ನನಗೂ ಈಗ ನೆನಪಾಗಿದೆ."

"ಏನು ನೆನಪಾಗಿದೆ?"

"ನಿನ್ನೆ ಹೋಗಿ ಮೇಡಮ್ಮಿಗೆ ಹೇಳಿ ಬಂದೆ. ಮೊದಲು ಗಾಬರಿಲಿ ಏನೋ ಅಂದಿದ್ದೆ. ಆಮೇಲೆ ದಿನಾ ಯೋಚನೆ ಮಾಡಿದೆ. ಭಾವ ಸುಳ್ಳು ಹೇಳೋರಲ್ಲ, ಹಾಗಾದ್ರೆ ಮುಷ್ಟಿ ಎಲ್ಲಿ ಹೋಯ್ತು, ನನಗೆ ಯಾಕೆ ಕಾಣಲಿಲ್ಲ ಅಂತ. ಯೋಚನೆ ಮಾಡ್ತಾ ಮಾಡ್ತಾ ಬಂತು ನೋಡಿ. ನಾನು ಬೇರೆ ಕಡೆ ನೋಡ್ತಿದ್ದೆ. ಗಾಜಿನ ಹಿಂದೆ ನನ್ನ ತಲೆ ಪಕ್ಕಕ್ಕೆ ತಿರುಗಿತ್ತು, ಯಾರ್ಡಿನ ಹಿಂದಿನ ನದಿ ಕಡೆಗೆ. ಕೈ ಹಿಡಿಕೆ ಮೇಲೇ ಇತ್ತು."

"ಗಾಜಿನ ಹಿಂದೆ ನಿನ್ನ ತಲೆ ತಿರುಗಿದ್ದು ಯಾರಿಗೆ ಕಾಣಿಸ್ತು?" ಎಂದ ಭಾವ. "ನೀನು ಗಾಜಿನ ಒಳಗಿದ್ದೆ. ಒಳಗಿದ್ದವನಿಗೆ ನದಿ ಕಾಣಬೇಕು. ನದಿ ಕಂಡಿತಾ? ನದೀಲಿ ಏನಿತ್ತು?"

"ನದಿ ನೆನಪಿಲ್ಲ" ಎಂದ ಮೈದುನ. "ಆದ್ರೆ ತಿರುಗಿದ್ದು ನೆನಪಿದೆ."

"ಅದು ಕೆಳಗೆ ನಿಂತ ನನ್ನ ಕಣ್ಣು ಕಣೋ! ನಾನು ಹೇಳಿದ್ದನ್ನ ನೀನು ಕಂಡೆ ಅಂದ್ಕೊಂಡಿದೀಯ!"

"ಯಾವತ್ತೂ ಹಾಗೇ ತಾನೆ ಭಾವ ಮಾಡಿದ್ದು?" ಎಂದ ಮೈದುನ, ಬಹಳ ಮೃದುವಾಗಿ. "ನೀವು ನನ್ನ ಉಳಿಸೋಕೆ ಹೀಗೆ ಹೇಳ್ತಿದೀರಿ. ಅಕ್ಕ ಅತ್ತಿರಬೇಕು. ಬೇಡ. ಒಬ್ಬ ಮನುಷ್ಯ ಸತ್ತಿದಾನೆ. ಯಾರದೋ ಒಬ್ಬರದು ತಪ್ಪು ಅಂತ ಆಗ್ಲೇಬೇಕಲ್ಲ. ನಿಮ್ಮದಂತೂ ಅಲ್ಲ."

ಭಾವ ಅವನ ಭುಜ ಹಿಡಿದು ಅಲುಗಿಸಿದ, ಬೈದ, ಕೊನೆಗೆ ಕೈ ಮುಗಿದ. ಕಲಿಸಿದ ಪಾಠ ಹೊಟ್ಟೆಯೊಳಗೆ ಇಳಿದು ಎಲುಬಾಗಿತ್ತು, ಕಿತ್ತು ತೆಗೆಯುವುದಾಗಲಿಲ್ಲ.

ಅಧಿಕಾರಿಣಿಯ ಕಚೇರಿಯ ಪಡಸಾಲೆಯಲ್ಲಿ ಉದ್ದಣ್ಣನ ಹೆಂಡತಿ ಬೆಂಚಿನ ಮೇಲೆ ಕೂತಿದ್ದಳು. ಭಾವನನ್ನು ಕಂಡು ಎದ್ದು ನಿಂತಳು. "ನೀವೊಬ್ಬರು ಇದ್ದದ್ದಕ್ಕೆ ನಿಜ ಹೊರಗೆ ಬಂತು ಅಣ್ಣ" ಎಂದಳು. ಅವನು ತಲೆ ತಗ್ಗಿಸಿ ಒಳಗೆ ಹೋದ. ಬಾಗಿಲು ಅರ್ಧ ತೆರೆದೇ ಇತ್ತು.

ಅವನು ಹೇಳಿದ್ದನ್ನೆಲ್ಲ ಅಧಿಕಾರಿಣಿ ತಡೆಯದೆ ಕೇಳಿದಳು. ವೃತ್ತ, ಬಂಡೆ, ಕ್ಯಾಬಿನ್ನು, ತನ್ನ ಮುಖವನ್ನು ತಾನೇ ಕಂಡದ್ದು. ಹೇಳುತ್ತಾ ಹೇಳುತ್ತಾ ಇದು ಎಂಥ ಹುಚ್ಚು ಮಾತಿನಂತೆ ಕೇಳುತ್ತಿದೆ ಎಂದು ಅವನಿಗೇ ಅನ್ನಿಸತೊಡಗಿತು.

"ವೃತ್ತದಿಂದ ಕಾಣಲ್ಲ ಅನ್ನೋದು ನನಗೂ ಗೊತ್ತು" ಎಂದಳು ಅವಳು. "ನಾನೂ ನಿಂತು ನೋಡಿದೆ. ಆದ್ರೆ ಯಾರೂ ಕಂಬದ ಹಾಗೆ ವೃತ್ತದೊಳಗೇ ನಿಂತಿರಲ್ಲ. ಮುಂದೆ ಪಕ್ಕಕ್ಕೆ ಓಡಾಡಿರ್ತೀರಿ."

"ಆಗ ನನ್ನ ಕೈ ಅವನಿಗೆ ಕಾಣಲ್ಲ ಮೇಡಂ."

"ನೀವು ಮುಷ್ಟಿ ಎತ್ತಿದ್ರಿ ಅಂತ ಅವರೇ ಹೇಳಿದಾರೆ. ತಾನೇ ಬೇರೆ ಕಡೆ ನೋಡ್ತಿದ್ದೆ ಅಂತ. ಅವರೇ ಒಪ್ಪಿಕೊಂಡ ಮೇಲೆ..." ಅವಳು ಪೆನ್ನನ್ನು ಕೆಳಗಿಟ್ಟಳು. "ಸರಿ. ಮುಷ್ಟಿ ಅಲ್ಲ ಅಂದ್ರೆ, ನೀವು ಏನು ಸನ್ನೆ ಮಾಡಿದ್ರಿ?"

"ಇಳಿಸು ಅಂತ ಇರಬೇಕು."

"ಇರಬೇಕು?"

"ಹೌದು."

"ನೆನಪಿದೆಯಾ?"

ಹೌದು ಎಂದರೆ ಆಗುತ್ತಿತ್ತು. ಒಂದೇ ಮಾತು. ಬೆರಳು ಸುತ್ತಿಸಿದ್ದು ಚೆನ್ನಾಗಿ ನೆನಪಿದೆ ಎಂದಿದ್ದರೆ ಮೈದುನ ಉಳಿಯುತ್ತಿದ್ದನೇನೋ. ಆ ಮಾತು ಗಂಟಲಿನವರೆಗೆ ಬಂದದ್ದೂ ನಿಜ. ಆದರೆ ಅದು ಅವನು ಕಂಡದ್ದಲ್ಲ, ಮತ್ತು ಕಾಣದ್ದನ್ನು ಕಂಡೆನೆಂದು ಹೇಳಿಯೇ ಅವನು ಇಲ್ಲಿಗೆ ಬಂದು ಕೂತಿದ್ದ.

"ನೆನಪಿಲ್ಲ ಮೇಡಂ" ಎಂದ.

ಅವಳು ನಿಟ್ಟುಸಿರಿಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವೇ ಇತ್ತು. "ನಿಮ್ಮ ಹೆಂಡತಿಯ ತಮ್ಮ ಅಲ್ವಾ? ಮಗನ ಹಾಗೆ ಸಾಕಿದೀರಿ. ಬೇರೆ ಯಾರಾದ್ರೂ ಆಗಿದ್ರೆ ಮೊದಲ ದಿನವೇ ಅವನ ಪರ ಮಾತಾಡಿರ್ತಿದ್ರು. ನೀವು ಆವತ್ತು ನಿಜ ಹೇಳಿದ್ರಿ. ಅದು ದೊಡ್ಡದು. ಈಗ ಹೇಳ್ತಿರೋದನ್ನ ನಾನು ಬರ್ಕೊಳ್ತೀನಿ, ಬರ್ಕೊಳ್ಳದೆ ಇರೋ ಹಾಗಿಲ್ಲ. ಆದ್ರೆ ಇದರಿಂದ ಏನೂ ಬದಲಾಗಲ್ಲ."

ಹೊರಗೆ ಬಂದಾಗ ಉದ್ದಣ್ಣನ ಹೆಂಡತಿ ಈ ಸಲ ಏಳಲಿಲ್ಲ. ಬಾಗಿಲಿನಿಂದ ಎಲ್ಲವೂ ಕೇಳಿಸಿತ್ತು. "ನನ್ನ ಗಂಡ ನಿಮ್ಮನ್ನ ನಂಬಿಕೊಂಡೇ ಬಂಡೆ ಹಿಂದೆ ಹೋಗ್ತಿದ್ರು" ಎಂದಳು. "ಭಾವ ನಿಂತಿದಾರೆ ಅಂದ್ರೆ ನನಗೆ ಭಯ ಇಲ್ಲ ಅಂತಿದ್ರು. ನಿಮ್ಮ ಮನೆಯವರು ಅಂದ ತಕ್ಷಣ ನೀವೂ ಎಲ್ಲರ ಹಾಗೇ ಆದ್ರಿ."

ಅವಳಿಗೆ ಉತ್ತರ ಕೊಡುವುದಿತ್ತು. ನಿನ್ನ ಗಂಡನನ್ನು ಕೊಂದದ್ದು ನನ್ನ ಬೆರಳು ಇರಬೇಕು ತಾಯಿ ಎಂದು ಹೇಳುವುದಿತ್ತು. ಅವನು ಹೇಳಿದ, ಅದೇ ಮಾತುಗಳಲ್ಲಿ ಹೇಳಿದ. ಅವಳು ಮುಖ ಆಚೆ ತಿರುಗಿಸಿದಳು. ನೆಂಟನಿಗಾಗಿ ಎಷ್ಟು ಕೆಳಕ್ಕೆ ಇಳಿಯುತ್ತಾರೆ ಜನ ಎಂದುಕೊಂಡಳೋ ಏನೋ.

ತೀರ್ಮಾನ ಬೇಗನೆ ಬಂತು. ಕೋರ್ಟಿನಲ್ಲೂ ಮೈದುನ ಮೊದಲ ಪ್ರಶ್ನೆಗೇ ಒಪ್ಪಿಕೊಂಡ. ಕರೆದೊಯ್ಯುವ ಮುಂಚೆ ಭಾವನ ಹತ್ತಿರ ಬಂದು, ಕಿವಿಯಲ್ಲಿ ಹೇಳಿದ. "ನನಗೋಸ್ಕರ ನೀವು ಸುಳ್ಳು ಹೇಳಿದ್ರಲ್ಲ ಭಾವ. ಜನ್ಮದಲ್ಲಿ ಒಂದೇ ಒಂದು. ಅಷ್ಟು ಸಾಕು ನನಗೆ." ಅವನ ಕಣ್ಣು ತುಂಬಿತ್ತು, ಅದು ಕೃತಜ್ಞತೆಯಿಂದ.

ಮನೆಯಲ್ಲಿ ಹೆಂಡತಿ ತಮ್ಮನಿಗೆ ಕೊಟ್ಟು ಬರಲು ಬಟ್ಟೆ ಜೋಡಿಸುತ್ತಿದ್ದಳು. ಅಂಗಿಗಳಿಗೆ ಕಳಚಿದ ಗುಂಡಿ ಹಾಕಿ, ಕಾಲರು ತಿದ್ದಿ, ಒಂದರ ಮೇಲೊಂದು ಇಡುತ್ತಿದ್ದಳು. ಭಾವ ಬಾಗಿಲಲ್ಲಿ ನಿಂತ. ಅವಳಾದರೂ ನಂಬಬೇಕು ಅನ್ನಿಸಿತು. ಆ ಪ್ರಶ್ನೆಯನ್ನು ಕೇಳಿದವಳೇ ಅವಳು.

"ನಾನು ಹೇಳಿದ್ದು ನಿಜ ಕಣೇ."

"ಯಾವುದು? ಮೊದಲು ಹೇಳಿದ್ದಾ, ಆಮೇಲೆ ಹೇಳಿದ್ದಾ?"

"ಆಮೇಲೆ ಹೇಳಿದ್ದು."

ಅವಳು ಅಂಗಿಯ ತೋಳುಗಳನ್ನು ಬೆನ್ನಿಗೆ ಮಡಚಿದಳು. ಅಂಗೈಯಿಂದ ಸುಕ್ಕು ನೀವಿದಳು. ತಲೆ ಎತ್ತಿ ಅವನನ್ನು ನೋಡಿದಳು, ಬಹಳ ಹೊತ್ತು, ಪರಿಚಯದವರ ಮುಖವನ್ನು ಜನಜಂಗುಳಿಯಲ್ಲಿ ಹುಡುಕುವವಳ ಹಾಗೆ.

"ಮೊದಲು ಹೇಳಿದಾಗಲೂ ಇದೇ ದನೀಲಿ ಹೇಳಿದ್ರಿ" ಎಂದಳು.